ಶುದ್ಧಪ್ರತಿಯಲ್ಲಿ ಅವಳ ಸಾಲುಗಳು

ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಕಾಫಿ, ಆರೂಕಾಲಿಗೆ ಮೇಜು. ಮೈಸೂರಿನಲ್ಲಿ ಗುರುಗಳ ಮನೆಯಲ್ಲಿ ಕಲಿತ ಕ್ರಮವನ್ನು ಡಚ್ಚರ ನಾಡಿನ ಹೂಫ್‌ಡಾರ್ಪ್‌ನಲ್ಲಿರುವ ಮಗಳ ಮನೆಯಲ್ಲೂ ನಾನು ಬಿಟ್ಟಿಲ್ಲ. ಮೇಜಿನ ಆ ಕಡೆ ಹೆಂಡತಿ, ಈ ಕಡೆ ನಾನು, ಮಧ್ಯೆ ಒಂದು ಸಂಸ್ಕೃತ ಕಾವ್ಯ. ದಿನಕ್ಕೆ ಒಂದೇ ಪದ್ಯ. ಇಬ್ಬರೂ ಅದನ್ನು ಬೇರೆ ಬೇರೆ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ತರುತ್ತೇವೆ. ಏಳಕ್ಕೆ ಎರಡನ್ನೂ ಗಟ್ಟಿಯಾಗಿ ಓದಿ, ಯಾವುದು ಮೇಲೋ ಅದನ್ನು ನಾನು ಶುದ್ಧಪ್ರತಿಗೆ ಇಳಿಸುತ್ತೇನೆ. ನನ್ನ ಅಕ್ಷರ ದುಂಡಗಿದೆ. ಈ ಏರ್ಪಾಡು ಮಾಡಿದವನೂ ನಾನೇ.

ಒಂದು ದಿನ ನಾನು ‘ಪ್ರಭಾತ ಸಮೀರ ಮಂದವಾಗಿ ಬೀಸಿತು’ ಎಂದು ಬರೆದೆ. ಅವಳು ‘ಬೆಳಗಿನ ಗಾಳಿ ಮೆಲ್ಲಗೆ ಬಾಗಿಲು ತಳ್ಳಿತು’ ಎಂದು ಬರೆದಿದ್ದಳು. ಅದನ್ನು ನಕಲು ಮಾಡುವಾಗ ನನಗೆ ಹೊಳೆಯಿತು: ಎಷ್ಟೋ ತಿಂಗಳಿಂದ ನನ್ನ ಕೈ ಬರೆಯುತ್ತಿರುವುದು ಅವಳ ಸಾಲುಗಳನ್ನೇ.

ಅವಳ ಮೇಲಿನ ಈ ಹೊಟ್ಟೆಕಿಚ್ಚು ಹೊಸದಲ್ಲ. ನನ್ನ ಗುರುಗಳೆಂದರೆ ಅವಳ ತಂದೆಯೇ. ಅವರ ಮನೆಯ ಜಗಲಿಯಲ್ಲಿ ನಾನೂ ಅವಳ ಅಣ್ಣನೂ ಪಾಠಕ್ಕೆ ಕೂರುತ್ತಿದ್ದೆವು. ಶ್ಲೋಕದ ನಡುವೆ ನಾನು ತಡವರಿಸಿದರೆ, ಒಳಗೆ ಸೊಪ್ಪು ಬಿಡಿಸುತ್ತಿದ್ದ ಅವಳು ಉಳಿದದ್ದನ್ನು ಹೇಳಿ ಮುಗಿಸುತ್ತಿದ್ದಳು. ಗುರುಗಳು ನಗುತ್ತಿದ್ದರು. ಆದರೆ ಒಂದು ದಿನವೂ ಅವಳನ್ನು ಕರೆದು ಕೂರಿಸಲಿಲ್ಲ. ಆಗ ನನಗೆ ಅದು ಸಮಾಧಾನದ ವಿಷಯವೇ ಆಗಿತ್ತು. ಮದುವೆಯಾದ ಮೇಲೆ ನನ್ನ ಪುಸ್ತಕಗಳಲ್ಲಿ ಅವಳು ಉಳಿದದ್ದನ್ನು ಓದಿಕೊಂಡಳು.

ಮಂಗಳವಾರ ನಾನು ರೈಲಿನಲ್ಲಿ ಲೈಡನ್ನಿಗೆ ಹೋಗಿ ಗ್ರಂಥಾಲಯದಲ್ಲಿ ಕೂರುತ್ತೇನೆ. ಅಲ್ಲಿ ಮುನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಫ್ರೆಂಚ್ ವಿದುಷಿಯ ಜೀವನಚರಿತ್ರೆ ಕೈಗೆ ಸಿಕ್ಕಿತು. ಗ್ರೀಕ್, ಲ್ಯಾಟಿನ್ ಕಾವ್ಯಗಳನ್ನು ಫ್ರೆಂಚಿಗೆ ತಂದಾಕೆ. ತಂದೆ ಮಗನಿಗೆ ಪಾಠ ಹೇಳುವಾಗ ಈಕೆ ಪಕ್ಕದಲ್ಲಿ ಕಸೂತಿ ಹಾಕುತ್ತ, ಅವನು ತಡವರಿಸಿದಾಗ ಉತ್ತರ ಪಿಸುಗುಟ್ಟುತ್ತಿದ್ದಳಂತೆ. ತಂದೆ ಅದನ್ನು ಕೇಳಿಸಿಕೊಂಡು ಮಗಳಿಗೂ ಪಾಠ ಶುರುಮಾಡಿದನಂತೆ. ಮುಂದೆ ಆಕೆ ತಂದೆಯ ಶಿಷ್ಯನನ್ನೇ ಮದುವೆಯಾದಳು. ಇಬ್ಬರೂ ಕೂಡಿ ಅನುವಾದಕ್ಕೆ ಕೂತರು. ಹೆಂಡತಿಯೇ ದೊಡ್ಡ ವಿದ್ವಾಂಸೆ ಎಂದು ಆ ಕಾಲದವರೇ ಹೇಳುತ್ತಿದ್ದರಂತೆ. ಓದುತ್ತ ನನಗೆ ಆ ಗಂಡನ ಮೇಲೆ ಮರುಕ ಬಂತು.

ಸಂಜೆ ಊಟಕ್ಕೆ ಕೂತಾಗ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ತುತ್ತನ್ನು ಕೈಯಲ್ಲೇ ಹಿಡಿದು, “ಅವರಪ್ಪ ಕರೆದು ಕೂರಿಸಿದ್ರಾ?” ಎಂದು ಎರಡು ಸಲ ಕೇಳಿದಳು. ಎಂದೋ ಸತ್ತ ಆ ಹೆಂಗಸಿನ ಮೇಲೆ ಅವಳಿಗೂ ಹೊಟ್ಟೆಕಿಚ್ಚು ಹುಟ್ಟಿತ್ತು.

ಆಮ್ಸ್ಟೆಲ್‌ವೀನ್‌ನಲ್ಲಿ ಕನ್ನಡದವರು ತಿಂಗಳಿಗೊಮ್ಮೆ ಸೇರುತ್ತಾರೆ. ಆ ಸಲ ವಿದುಷಿಯ ವಿಚಾರ ಮಾತಾಡಿ ಎಂದು ನನ್ನನ್ನು ಕೇಳಿದರು. ಗಡಿಯಾರ ನೋಡಿ ನಲವತ್ತು ನಿಮಿಷಕ್ಕೆ ಮುಗಿಸಿದೆ. ಆದರೆ ಅನುವಾದದ ಭಾರವೆಲ್ಲ ಗಂಡನದು, ಆಕೆ ಮನೆಗೆಲಸದ ನಡುವೆ ನೆರವಾದಳು ಎಂದುಬಿಟ್ಟೆ. ಬರೆದುಕೊಂಡು ಹೋದದ್ದು ಹಾಗಿರಲಿಲ್ಲ. ಎರಡನೆಯ ಸಾಲಿನಲ್ಲಿ ಹೆಂಡತಿ ಕೂತಿದ್ದನ್ನು ನೋಡಿದ ಮೇಲೆ ಬಾಯಿಗೆ ಬಂದದ್ದು ಅದು.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎದ್ದವಳು ಅವಳೇ.

“ಮದುವೆಗೆ ಮುಂಚೇನೇ ಆಕೆ ತನ್ನ ಹೆಸರಲ್ಲಿ ಪುಸ್ತಕ ತಂದಿದ್ದಳು ಅಂತ ಮನೇಲಿ ಹೇಳಿದ್ರಲ್ಲ. ಅದನ್ನ ಇವರಿಗೂ ಹೇಳಿ.”

ಹಿಂದಿನಿಂದ ಯಾರೋ, “ಸರ್, ಹೋಮ್‌ವರ್ಕ್ ಚೆಕ್ ಮಾಡೋರು ಮನೇಲೇ ಇದಾರೆ” ಎಂದರು. ಎಲ್ಲರೂ ನಕ್ಕರು. ಅದು ಮರೆತುಹೋಯಿತು ಎಂದು ನಾನು ಹೇಳಿದೆ.

ಮನೆಗೆ ಮರಳುವ ಬಸ್ಸಿನಲ್ಲಿ ಅವಳು, ನಮ್ಮ ಪುಸ್ತಕದ ಮೊದಲ ಪುಟ ಬರೆದಾಯಿತೇ ಎಂದು ಕೇಳಿದಳು. ಬರೆದಾಗಿತ್ತು, ಮೊದಲ ಭಾಗ ಮರುವಾರ ಮೈಸೂರಿನ ಪ್ರಕಾಶಕರಿಗೆ ಹೋಗಬೇಕಿತ್ತು. ಏನೆಂದು ಬರೆದಿದ್ದೀರಿ ಎಂದಳು. ಅನುವಾದ ಎಂಬಲ್ಲಿ ನನ್ನ ಹೆಸರು, ಅದರ ಕೆಳಗೆ ಸಹಕಾರ ಎಂದು ನಿನ್ನದು, ನಮ್ಮಲ್ಲಿ ಹಾಗೇ ಹಾಕುವ ರೂಢಿ ಎಂದೆ. ಬಸ್ಸು ಸ್ಕಿಪೋಲ್ ವಿಮಾನ ನಿಲ್ದಾಣ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

“ಹಾಗಿದ್ರೆ ನನ್ನ ಸಾಲುಗಳನ್ನ ತೆಗೆದುಬಿಡಿ ರೀ. ಉಳಿದದ್ದನ್ನ ನಿಮ್ಮ ಹೆಸರಲ್ಲೇ ಹಾಕಿಸಿ. ನನಗೇನೂ ಬೇಜಾರಿಲ್ಲ.”

ಬೇಜಾರಿಲ್ಲ ಎಂದವಳು ಮರುದಿನ ಆರೂಕಾಲಿಗೆ ಮೇಜಿಗೆ ಬರಲಿಲ್ಲ. ಒಳಗೆ ಬಟ್ಟೆ ಮಡಿಸುತ್ತಿದ್ದಳು. ನಾನೊಬ್ಬನೇ ಶುದ್ಧಪ್ರತಿ ತೆರೆದು ಅವಳ ಪದ್ಯಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕತೊಡಗಿದೆ. ಏನು ಉಳಿಯುತ್ತದೋ ನೋಡಿಯೇಬಿಡೋಣ ಎಂಬ ಹಟ. ಮೊದಲ ಸರ್ಗ ಮುಗಿಯುವಷ್ಟರಲ್ಲಿ ಅಂಚೆಲ್ಲ ಗುರುತುಗಳಿಂದ ತುಂಬಿತ್ತು. ನನ್ನವು ಮುದುಕನ ಬಾಯಲ್ಲಿ ಉಳಿದ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು. ನನ್ನವಷ್ಟನ್ನೇ ಓದಿದರೆ ಕಾವ್ಯವೇ ಇರಲಿಲ್ಲ.

ಹೊಸ ಹಾಳೆಯಲ್ಲಿ ಅನುವಾದ ಎಂದು ಬರೆದು, ಮೊದಲು ಅವಳ ಹೆಸರು, ಕೆಳಗೆ ನನ್ನದು ಬರೆದೆ. ಒಯ್ದು ಅವಳ ಮುಂದೆ ಹಿಡಿದೆ. ಸಭೆಯಲ್ಲಿ ಮರೆತದ್ದಲ್ಲ, ಬೇಕೆಂದೇ ಹಾಗೆ ಹೇಳಿದ್ದು, ಮುಂದಿನ ತಿಂಗಳು ಅಲ್ಲೇ ತಿದ್ದಿ ಹೇಳುತ್ತೇನೆ ಎಂದೆ.

ಅವಳು ಮಡಿಸುತ್ತಿದ್ದ ಟವೆಲ್ ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು ನೋಡಿದಳು.

“ನಿಮ್ಮ ಹೆಸರನ್ನ ಯಾಕೆ ಇರುವೆ ಥರ ಬರೆದಿದೀರಿ? ನೋಡಿದವರು ಪಾಪ ಅನ್ನಲಿ ಅಂತಲಾ?”

ಇರಬಹುದು ಎಂದೆ. ಇನ್ನೊಂದು ಹಾಳೆ ತನ್ನಿ ಎಂದಳು. ಅವಳ ಎದುರಿಗೇ ಗೆರೆ ಎಳೆದು, ಎರಡೂ ಹೆಸರನ್ನು ಒಂದೇ ಅಳತೆಗೆ ಬರೆದೆ. ಮೈಸೂರಿಗೆ ಹೋದದ್ದು ಆ ಹಾಳೆ. ಅವಳ ಹೆಸರು ಮೊದಲಿರುವುದನ್ನು ನೆನೆದರೆ ಈಗಲೂ ಒಳಗೆ ಚುರುಕ್ ಎನ್ನುತ್ತದೆ.