ದೇವರ ಗೂಡಿನಲ್ಲಿ ಮೊರಿಸನ ಹಾವು

ಮೊದಲೇ ಹೇಳಿಬಿಡುತ್ತೇನೆ, ಆ ಹಾವು ನಮ್ಮ ಕಟ್ಟಡದ ಮೊರಿಸನದ್ದು. ಅವನು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಿದ್ದ. ವಿಷವಿಲ್ಲದ್ದು, ಹೆಸರು ಜೂಲಿ. ಹಾವಿಗೂ ನಾಮಕರಣ ಮಾಡುವ ಜನರನ್ನು ನಾನು ಕಂಡದ್ದು ಅದೇ ಮೊದಲು. ಆ ಶನಿವಾರ ಬೆಳಿಗ್ಗೆ ಸ್ವಲ್ಪ ಮುಂಚೆ ಯಾರಾದರೂ ಇಷ್ಟನ್ನು ನನಗೆ ಹೇಳಿದ್ದರೆ ವಸಂತಕ್ಕನ ಮಾನ ಉಳಿಯುತ್ತಿತ್ತು. ಯಾರೂ ಹೇಳಲಿಲ್ಲ.

ನಾನು ಶುಕೂರ್, ಉಪ್ಪಿನಂಗಡಿಯ ಬ್ಯಾರಿ. ಇಲ್ಲಿ ಗಲ್ಫಿನಲ್ಲಿ, ಅಲ್ ಮುರಕ್ಕಬಾತ್‌ನ ಹಳೆಯ ಕಟ್ಟಡವೊಂದರ ಕೆಳಗೆ ನನ್ನ ಗ್ರೋಸರಿ. ಗ್ರೋಸರಿಯವನ ಹಣೆಬರಹ ಏನೆಂದರೆ, ಮೇಲಿನವರಿಗೆ ಒಂದು ಕುಬ್ಬೂಸ್ ರೊಟ್ಟಿ ಬೇಕಾದರೂ ಫೋನ್ ಬರುತ್ತದೆ. ಲಿಫ್ಟ್ ಇದೆ, ಕಾಲಿದೆ, ಇಳಿದು ಬರಲು ಏನು ದಾಡಿಯೋ ನಾ ಕಾಣೆ. ವಸಂತಕ್ಕ ಮಾತ್ರ ಹಾಗಲ್ಲ. ಬೇಕಾದ್ದಕ್ಕೆ ತಾವೇ ಬರುವವರು. ಚೀಲಕ್ಕೆ ತಪ್ಪಿ ಒಂದು ಸಾಬೂನು ಹೆಚ್ಚು ಬಿದ್ದಿದ್ದರೆ ಹಿಂದೆ ಕೊಡಲು ಮತ್ತೆ ಇಳಿದು ಬರುವವರು. ಸುಳ್ಳು ಎಂಬುದು ಅವರ ಬಾಯಿಯಲ್ಲಿ ಹುಟ್ಟುವುದಿಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ.

ಅವರು ಕಟಪಾಡಿ ಕಡೆಯವರು. ಗಂಡ ಮೋಹನದಾಸ್ ಕಾರ್ಗೋ ಕಂಪೆನಿಯಲ್ಲಿದ್ದರು, ಒಳ್ಳೆಯ ಮನುಷ್ಯ. ಒಂದು ದಿನ ಆಫೀಸಿನಲ್ಲೇ ಎದೆನೋವು ಬಂದು ತೀರಿಕೊಂಡರು. ಇಲ್ಲಿ ಗಂಡ ಹೋದರೆ ಹೆಂಡತಿಯ ವೀಸಾವೂ ಹೋಗುತ್ತದೆ. ವಸಂತಕ್ಕ ಊರಿಗೆ ಹೋಗಿ ಅಣ್ಣನ ಮನೆಯಲ್ಲಿ ನಿಂತರು. ಮಗಳು ಸುಪ್ರೀತಾ ಓದು ಮುಗಿಸಿ ಇಲ್ಲಿ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಹಿಡಿದು, ತನ್ನ ಹೆಸರಿನ ಮೇಲೆ ವೀಸಾ ಮಾಡಿ ಅಮ್ಮನನ್ನು ಮತ್ತೆ ಕರೆಸಿಕೊಂಡಳು. ಅಣ್ಣನ ಮನೆಯ ಆ ದಿನಗಳ ಬಗ್ಗೆ ವಸಂತಕ್ಕ ನನ್ನ ಹತ್ತಿರ ಮಾತಾಡಿದ್ದು ಒಂದೇ ಸಲ.

"ಅಲ್ಲಿ ಫ್ರಿಜ್ ತೆಗೀಲಿಕ್ಕೂ ಅತ್ತಿಗೆಯನ್ನು ಕೇಳ್ಬೇಕಿತ್ತು ಶುಕೂರಣ್ಣ," ಎಂದಿದ್ದರು.

ಸುಪ್ರೀತಾಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಸುಶಾಂತ್, ಅವರದೇ ಜನ. ಇಲ್ಲೇ ಕೆಲಸದಲ್ಲಿದ್ದ, ಕಂಪೆನಿ ಅವನನ್ನು ಮಸ್ಕತ್‌ಗೆ ಹಾಕಿತ್ತು. ಊದ್ ಮೇಥಾದಲ್ಲಿ ನಡೆದ ನಮ್ಮ ಊರವರ ಒಂದು ಕಾರ್ಯಕ್ರಮದಲ್ಲಿ ಇಬ್ಬರೂ ಭೇಟಿಯಾಗಿ ಒಪ್ಪಿಕೊಂಡರು. ಆ ಹುಡುಗಿ ಹಾಲಿಗೆಂದು ಇಳಿದು ಬಂದವಳು ಫೋನ್ ನೋಡಿ ಒಬ್ಬಳೇ ನಗುತ್ತ ಹಾಲನ್ನು ಕೌಂಟರಿನಲ್ಲೇ ಮರೆತು ಹೋಗುತ್ತಿದ್ದಳು. ಆಮೇಲೆ ನಗು ನಿಂತಿತು. ಕೇಳಿದರೆ ವಸಂತಕ್ಕ, "ಅವರಿಗೆ ಬೇಡವಂತೆ," ಎಂದರು. ಹುಡುಗ ಕೂಡ, ಮನೆಯಲ್ಲಿ ಒಪ್ಪುತ್ತಿಲ್ಲ, ಕ್ಷಮಿಸು ಎಂದು ಒಂದು ಮೆಸೇಜ್ ಹಾಕಿ ಸುಮ್ಮನಾದನಂತೆ. ಮುಂದಿನ ವರ್ಷ ಅವನಿಗೆ ಬೇರೆ ಕಡೆ ಮದುವೆಯೂ ಆಯಿತು. ನಾನು ಆ ಮನೆಯವರಿಗೆಲ್ಲ ಮನಸ್ಸಿನಲ್ಲೇ ಸಮಾ ಬೈದಿದ್ದೆ. ಸುಪ್ರೀತಾ ಊದ್ ಮೇಥಾದ ಕಡೆ ಕಾಲು ಹಾಕುವುದನ್ನೇ ಬಿಟ್ಟಳು. "ನನ್ನಲ್ಲಿ ಎಂತ ಕಡಿಮೆ ಉಂಟು ಅಂಕಲ್?" ಎಂದು ಒಮ್ಮೆ ನನ್ನನ್ನೇ ಕೇಳಿದ್ದಳು. ನಾನು ಬಿಲ್ ಹೊಡೆಯುತ್ತ ನಿಂತೆ.

ಇಂಥ ವಸಂತಕ್ಕ ಆ ಶನಿವಾರ ಫೋನ್ ಮಾಡಿದರು. "ಶುಕೂರಣ್ಣ, ಒಂದು ಲೀಟರ್ ಹಾಲು, ಅರಸಿನ, ಇದ್ರೆ ಒಂದು ಸೀಯಾಳ. ಬೇಗ ಬೇಕು," ಎಂದರು. ಡೆಲಿವರಿಯವನು ಊರಿಗೆ ಹೋಗಿದ್ದ. ಗೊಣಗುತ್ತ ಅಂಗಡಿಗೆ ಬಾಗಿಲು ಹಾಕಿ ನಾನೇ ಹೊರಟೆ.

ಆರನೇ ಮಾಳಿಗೆಯಲ್ಲಿ ಅವರ ಮನೆಯ ಬಾಗಿಲು ತೆರೆದೇ ಇತ್ತು. ಅಡುಗೆಕೋಣೆಯಲ್ಲಿ ಅಮ್ಮ ಮಗಳು ಇಬ್ಬರೂ ನಿಂತಿದ್ದರು. ವಸಂತಕ್ಕ ಕೈ ಮುಗಿದುಕೊಂಡಿದ್ದರು, ಸುಪ್ರೀತಾ ಫ್ರಿಜ್ಜಿಗೆ ಬೆನ್ನು ಅಂಟಿಸಿದ್ದಳು. ಗೋಡೆಗೆ ಹೊಡೆದ ಮರದ ಹಲಗೆಯ ಮೇಲೆ ಅವರ ದೇವರ ಗೂಡು, ಒಳಗೆ ಹಗಲೂ ರಾತ್ರಿ ಉರಿಯುವ ಪುಟ್ಟ ಬಲ್ಬು. ಆ ಬಲ್ಬಿನ ಪಕ್ಕದಲ್ಲಿ, ದೇವರ ಪಟಗಳಿಗೆ ಒರಗಿಕೊಂಡು, ದಪ್ಪಗೆ ಕಂದುಬಣ್ಣದ ಹಾವೊಂದು ಸುರುಳಿ ಸುತ್ತಿ ಮಲಗಿತ್ತು.

ಯಾ ಅಲ್ಲಾಹ್ ಎಂದು ನಾನು ಮೂಲೆಯಲ್ಲಿದ್ದ ಮಾಪ್ ಕೋಲಿಗೆ ಕೈ ಹಾಕಿದೆ.

"ಶುಕೂರಣ್ಣ, ಅದನ್ನು ಕೆಳಗೆ ಇಡಿ," ಎಂದರು ವಸಂತಕ್ಕ.

ನಾನೂ ತುಳುನಾಡಿನವನೇ. ಅಲ್ಲಿ ಹಿಂದೂಗಳಿಗೆ ನಾಗ ಎಂದರೆ ಏನು ಎಂಬುದು ನನಗೂ ಗೊತ್ತು. ನಮ್ಮ ತೋಟದ ಬದಿಯ ನಾಗಬನದ ಒಂದು ಎಲೆಯನ್ನೂ ನನ್ನ ಅಪ್ಪ ಕಿತ್ತವರಲ್ಲ. ಕೋಲು ಕೆಳಗಿಟ್ಟೆ. ಆದರೂ ಕಣ್ಣಿಗೆ ಕಂಡದ್ದನ್ನು ಹೇಳಬೇಕಲ್ಲ.

"ಅಕ್ಕ, ಇದು ನಾಗರ ಅಲ್ಲ ಅಂತ ಕಾಣ್ತದೆ. ಹೆಡೆ ಇಲ್ಲ."

"ಹೆಡೆ ತೆಗಿಯುದು ಬಿಡುದು ಅವನಿಗೆ ಬಿಟ್ಟದ್ದು. ಈ ಊರಲ್ಲಿ, ಆರನೇ ಮಾಳಿಗೆಗೆ, ನನ್ನ ದೇವರ ಗೂಡಿಗೇ ಬರ್ಬೇಕಾದ್ರೆ ಸುಮ್ಮನೆ ಬಂದದ್ದಾ?"

"ಅಮ್ಮಾ, ಪ್ಲೀಸ್, ವಾಚ್‌ಮ್ಯಾನ್‌ನ ಕರಿ," ಎಂದಳು ಸುಪ್ರೀತಾ. ಅವಳ ದನಿಗೋ ಏನೋ, ಹಾವು ತಲೆ ಎತ್ತಿತು. ಹಲಗೆಯಿಂದ ಮೆಲ್ಲ ಇಳಿದು, ಗ್ಯಾಸ್ ಸ್ಟವ್ವಿನ ಕಟ್ಟೆ ದಾಟಿ, ನೆಲಕ್ಕೆ ಬಂದು, ನೇರವಾಗಿ ಹುಡುಗಿಯ ಬರಿಗಾಲಿನ ಕಡೆಗೆ ಹೊರಟಿತು. ಬೇರೆ ಎಲ್ಲಿಗೂ ಅಲ್ಲ. ನನ್ನ ಕೈಯಲ್ಲಿದ್ದ ಸೀಯಾಳ ಜಾರಿ ಬಿತ್ತು. ಸುಪ್ರೀತಾ ಕಣ್ಣು ಮುಚ್ಚಿಕೊಂಡಳು.

ವಸಂತಕ್ಕ ದೊಪ್ಪನೆ ಮೊಣಕಾಲೂರಿದರು. ಆ ಜನರಲ್ಲಿ ತಪ್ಪು ಕಾಣಿಕೆ ಎಂಬ ಕ್ರಮ ಉಂಟು. ಮಾಡಿದ ತಪ್ಪನ್ನು ಹೇಳಿಕೊಂಡು, ಒಂದು ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿ ದೇವರಿಗೆ ಮೀಸಲಿಡುವುದು. ಮನಸ್ಸಿನಲ್ಲೇ ಹೇಳಿಕೊಂಡರೂ ಸಾಕಂತೆ. ಆದರೆ ಮಗಳ ಕಾಲ ಬಳಿ ಹಾವು ಹರಿಯುತ್ತಿರುವಾಗ ಯಾವ ತಾಯಿಗೆ ಅಷ್ಟು ಯೋಚನೆ ಬರುತ್ತದೆ? ಕಟ್ಟೆಯ ಮೇಲಿದ್ದ ಒಂದು ದಿರ್ಹಮ್ ನಾಣ್ಯವನ್ನು ಸೆರಗಿನ ತುದಿಗೆ ಗಂಟು ಹಾಕುತ್ತ ಹೇಳಿಯೇಬಿಟ್ಟರು.

"ಅವಳಿಗೆ ಎಂತದೂ ಮಾಡ್ಬೇಡ ದೇವರೇ. ತಪ್ಪು ನಂದು. ನಿನ್ನ ಹೆಸರಲ್ಲಿ ಸುಳ್ಳು ಹೇಳಿದವಳು ನಾನು. ಸುಶಾಂತನ ಅಮ್ಮನಿಗೆ ಫೋನ್ ಮಾಡಿ, ಮಗಳ ಜಾತಕದಲ್ಲಿ ನಾಗದೋಷ ಉಂಟು, ನಿಮ್ಮ ಹುಡುಗನ ಜೀವಕ್ಕೆ ಅಪಾಯ ಅಂತ ಹೇಳಿದ್ದು ನಾನು. ಅವಳಲ್ಲಿ ಯಾವ ದೋಷವೂ ಇಲ್ಲ. ಅವಳು ಮಸ್ಕತ್‌ಗೆ ಹೋದ್ರೆ ನನ್ನ ವೀಸಾ ಹೋಗ್ತದೆ, ನಾನು ಪುನಃ ಆ ಮನೆಗೆ ಹೋಗ್ಬೇಕು ಅಂತ ಹೆದರಿಕೆಯಲ್ಲಿ ಹೇಳಿದ್ದು. ಕಚ್ಚುದಾದ್ರೆ ನನಗೆ ಕಚ್ಚು."

ಹಾವು ಸುಪ್ರೀತಾಳ ಕಾಲಿಗೆ ತಾಗಿಯೂ ತಾಗದಂತೆ ಸರಿದು ಫ್ರಿಜ್ಜಿನ ಅಡಿಗೆ ತಲೆ ಹಾಕಿತು. ಹುಡುಗಿ ಕಣ್ಣು ತೆರೆದಿದ್ದಳು. ಅವಳು ಹಾವನ್ನು ನೋಡುತ್ತಿರಲಿಲ್ಲ.

ಆಗ ಬಂದ ನಮ್ಮ ಮೊರಿಸ್ ಮಹಾಶಯ. ಬರ್ಮುಡಾ ಚಡ್ಡಿ, ಕೈಯಲ್ಲಿ ತಲೆದಿಂಬಿನ ಕವರು. ಮಂಗಳೂರಿನವನು, ಮದುವೆಯಾಗಿಲ್ಲ, ಅದೇ ಮಾಳಿಗೆಯ ಕೊನೆಯ ಫ್ಲ್ಯಾಟಿನವನು.

"ಸಾರಿ ಆಂಟಿ, ಬಾಗಿಲು ತೆಗ್ದೇ ಇತ್ತು. ನಮ್ಮ ಜೂಲಿ ಇಲ್ಲಿಗೆ ಬಂದಿದ್ದಾಳಾ?" ಎಂದು ಕೇಳುತ್ತಲೇ ಬಾಲ ಕಂಡು ಬಗ್ಗಿದ. ಮಗುವನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡ. "ಬಾತ್‌ರೂಮ್ ಪೈಪಿನ ಸಂದಿಯಿಂದ ಹೋಗಿದ್ದಾಳೆ ಮಾರಾಯ್ರೆ, ನಿನ್ನೆಯಿಂದ ಹುಡುಕ್ತಾ ಇದ್ದೇನೆ. ಹೆದರ್ಬೇಡಿ, ವಿಷ ಇಲ್ಲ. ಇವಳಿಗೆ ಎಸಿಯ ಚಳಿ ಆಗುದಿಲ್ಲ, ಬಿಸಿ ಎಲ್ಲುಂಟೋ ಅಲ್ಲಿಗೆ ಹೋಗುದು. ಬಲ್ಬು, ಫ್ರಿಜ್ಜು, ಅಂಥ ಕಡೆ."

ಹಾಲು, ಅರಸಿನ ನೋಡಿ ಅವನಿಗೆ ನಗು ಬಂತು. "ಹಾಲು ಕುಡಿಯುದಿಲ್ಲ ಇದು," ಎಂದ. ನಾನು ಅವನ ತೋಳು ಹಿಡಿದು, ಹಾವು ಸಮೇತ, ಹೊರಗೆ ದಬ್ಬಿ ಬಾಗಿಲು ಹಾಕಿದೆ. ಅವನ ತಪ್ಪೇನೂ ಇರಲಿಲ್ಲ, ಆದರೂ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತ್ತು.

ತಿರುಗಿ ನೋಡಿದಾಗ ಕಂಡದ್ದನ್ನು ನಾನು ಕಾಣಬಾರದಿತ್ತು. ವಸಂತಕ್ಕನ ಮುಖದಲ್ಲಿ ಒಂದು ಕ್ಷಣ ಸಮಾಧಾನ ಬಂದಿತ್ತು. ನಾಗ ಬಂದದ್ದಲ್ಲವಾದರೆ ಹೇಳಿದ್ದೂ ಹೇಳಿದ ಹಾಗಲ್ಲ ಎಂಬಂತೆ, ಬೆರಳುಗಳು ಸೆರಗಿನ ಗಂಟನ್ನು ಬಿಚ್ಚತೊಡಗಿದ್ದವು.

ಸುಪ್ರೀತಾ ಬಂದು ಆ ಕೈಯನ್ನು ಹಿಡಿದಳು.

"ಬಿಚ್ಬೇಡ ಅಮ್ಮ. ಹಾವು ಮೊರಿಸ್ ಅಂಕಲ್‌ದು. ಹೇಳಿದ್ದು ನೀನು."

ವಸಂತಕ್ಕನ ತಲೆ ತಗ್ಗಿತು. ಸುಪ್ರೀತಾ ಅಳಲಿಲ್ಲ. ನಾನು ತಂದ ಹಾಲಿನ ಬಾಟಲಿ ತೆರೆದು, ಪಾತ್ರೆಗೆ ಸುರಿದು, ಸ್ಟವ್ ಹಚ್ಚಿದಳು. ಚಹಾಪುಡಿ ಹಾಕಿದಳು. ಬೆನ್ನು ಮಾಡಿಕೊಂಡೇ ಮಾತಾಡಿದಳು.

"ಸುಶಾಂತ್ ಮಸ್ಕತ್‌ನಲ್ಲಿ ಫ್ಲ್ಯಾಟ್ ನೋಡಿದ್ದ ಅಂಕಲ್. ವಿಡಿಯೋ ಕಾಲ್‌ನಲ್ಲಿ ತೋರಿಸಿದ್ದ. ಒಂದು ರೂಮ್ ತೋರಿಸಿ, ಇದು ನಿನ್ನ ಅಮ್ಮನಿಗೆ, ದೇವರ ಗೂಡು ಇಡ್ಲಿಕ್ಕೆ ಪೂರ್ವಕ್ಕೆ ಗೋಡೆ ಉಂಟು ಅಂದಿದ್ದ. ಎಂಗೇಜ್‌ಮೆಂಟ್ ದಿನ ಅಮ್ಮನಿಗೆ ಹೇಳುವ, ಸರ್‌ಪ್ರೈಸ್ ಆಗ್ಲಿ ಅಂತ ನಾನೇ ಹೇಳಿದ್ದು."

ವಸಂತಕ್ಕನ ಬಾಯಿಯಿಂದ ಒಂದು ಸದ್ದು ಬಂತು. ಅಳುವೂ ಅಲ್ಲ, ಮಾತೂ ಅಲ್ಲ. ಸೆರಗಿನಲ್ಲಿ ಮುಖ ಮುಚ್ಚಿ ನೆಲದ ಮೇಲೆ ಹಾಗೆಯೇ ಕುಳಿತರು. "ನಾನು ಊರಿಗೆ ಹೋಗ್ತೇನೆ ಮಗಾ," ಎಂದು ಸೆರಗಿನೊಳಗಿನಿಂದಲೇ ಹೇಳಿದರು. "ನಾಳೆಯೇ ಹೋಗ್ತೇನೆ."

"ನಿನ್ನನ್ನು ಕಳಿಸ್ತೇನೆ ಅಂತ ನಾನು ಯಾವಾಗ ಹೇಳಿದ್ದು?" ಎಂದಳು ಮಗಳು. ಒಂದು ಗ್ಲಾಸ್ ಚಹಾ ನನ್ನ ಕೈಗೆ ಕೊಟ್ಟಳು, ಇನ್ನೊಂದನ್ನು ಅಮ್ಮನ ಎದುರಿಗೆ ನೆಲದ ಮೇಲಿಟ್ಟಳು. "ಕುಡಿ. ತಣೀತದೆ," ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ನನ್ನ ಗ್ಲಾಸನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟೆ. ವಸಂತಕ್ಕ ಗ್ಲಾಸ್ ಮುಟ್ಟಲೂ ಇಲ್ಲ.

ಈ ವಿಷಯ ನಾನು ಯಾರಿಗೂ ಬಾಯಿ ಬಿಟ್ಟಿಲ್ಲ. ಆದರೆ ಅಂದಿನಿಂದ ವಸಂತಕ್ಕ ಅಂಗಡಿಗೆ ಬಂದರೆ ನನ್ನ ಮುಖ ನೋಡುವುದಿಲ್ಲ. ಬೇಕಾದ್ದು ತೆಗೆದುಕೊಂಡು, ನೆಲ ನೋಡುತ್ತ ಹೋಗುತ್ತಾರೆ. ಆ ದಿರ್ಹಮನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದಾರೆ ಎಂದು ಸುಪ್ರೀತಾ ಹೇಳಿದಳು. ಊರಿನ ನಾಗಬನಕ್ಕೆ ಒಪ್ಪಿಸಬೇಕಾದರೆ ಅಲ್ಲಿ ಇನ್ನೊಮ್ಮೆ ತಪ್ಪು ಹೇಳಬೇಕಾಗುತ್ತದೆ ಎಂದು ಹೆದರಿಕೆಯೋ ಏನೋ, ಈ ಸಲದ ರಜೆಗೆ ಹೋದಾಗಲೂ ಒಯ್ಯಲಿಲ್ಲ.

ಮೊನ್ನೆ ಅವರ ವೀಸಾ ಮುಗಿಯುವುದಿತ್ತು. ನನ್ನ ಅಂಗಡಿಯ ಪಕ್ಕದಲ್ಲೇ ವೀಸಾದ ಅರ್ಜಿ ತುಂಬಿಸಿಕೊಡುವ ಟೈಪಿಂಗ್ ಸೆಂಟರ್. ಸುಪ್ರೀತಾ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಕಾಗದಪತ್ರಗಳ ಜೊತೆ ಅಮ್ಮನನ್ನೂ ಕರೆದುಕೊಂಡು ಬಂದಳು. ಅವಳು ಒಳಗೆ ಹೋದಳು. ವಸಂತಕ್ಕ ಒಳಗೆ ಹೋಗಲಿಲ್ಲ, ನನ್ನ ಅಂಗಡಿಯ ಎದುರು ಬಿಸಿಲಿನಲ್ಲೇ ನಿಂತರು. ಗಾಜಿನ ಆಚೆ ಮಗಳು ಕೌಂಟರಿಗೆ ಬಗ್ಗಿ ಸಹಿ ಹಾಕುವುದು ನಮ್ಮಿಬ್ಬರಿಗೂ ಕಾಣುತ್ತಿತ್ತು. ನಾನು ಸ್ಟೂಲ್ ತಂದು ನೆರಳಿನಲ್ಲಿಟ್ಟೆ.

"ಕೂತ್ಕೊಳ್ಳಿ ಅಕ್ಕ," ಎಂದೆ.

ಅಷ್ಟು ದಿನಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು.

"ಅವಳೊಮ್ಮೆ ಬೈದಿದ್ರೆ ಆಗ್ತಿತ್ತು ಶುಕೂರಣ್ಣ," ಎಂದರು. ಕೂತುಕೊಳ್ಳಲಿಲ್ಲ.