ದಾನದ ಅಂಡದ ಬೆಡಗು

ನಮ್ಮ ಸೊಸೆಗೆ ಮೂವತ್ತಕ್ಕೇ ಮುಟ್ಟು ನಿಂತೋಯ್ತು. ಅವರವ್ವನಿಗೂ ಅಂಗೇ ಆಗಿತ್ತಂತೆ. ಮಗನಿಗೆ ಬೇರೆ ಹೆಣ್ಣು ತನ್ನಿ ಅಂತ ನೆಂಟರು ಶುರು ಮಾಡಿದ್ರು. ಹನಗೋಡಿಂದ ಅವಳನ್ನ ಮೈಸೂರಿನ ಡಾಕ್ಟ್ರಮ್ಮನ ಹತ್ರ ಕರಕೊಂಡೋದೆ.

"ಇವರಲ್ಲಿ ಅಂಡ ಮುಗಿದಿದೆ ಅಜ್ಜಿ. ಬೇರೆ ಹೆಂಗಸು ದಾನ ಕೊಟ್ಟ ಅಂಡಕ್ಕೆ ನಿಮ್ಮ ಮಗನ ವೀರ್ಯ ಸೇರಿಸಿ, ಇವರ ಗರ್ಭದಲ್ಲೇ ಬೆಳೆಸೋಕೆ ನೋಡಬಹುದು."

ನಮ್ಮಲ್ಲಿ ಬೆಡಗು ಅಂದ್ರೆ ಗೋತ್ರ ಇದ್ದಂಗೆ, ಒಂದೇ ಬೆಡಗಿನೋರು ಅಣ್ಣತಂಗಿ ಲೆಕ್ಕ, ಮದುವೆ ಆಗಂಗಿಲ್ಲ. "ಆಯಮ್ಮ ಯಾವ ಬೆಡಗು?" ಅಂದೆ.

"ಅದನ್ನ ಹೇಳೋಹಂಗಿಲ್ಲ."

"ನಮ್ದೇ ಆಗಿದ್ರೆ? ಬ್ಯಾಡ, ನಡಿಯವ್ವ" ಅಂತ ಎದ್ದೆ.

ಸೊಸೆ ಏಳಲಿಲ್ಲ. "ಹೊತ್ತು ಹೆರೋಳು ನಾನು ಕಣತ್ತೆ. ಬೆಡಗು ನೋಡೋದಾದ್ರೆ ನಂದು ನೋಡಿ."

ನಾನು ಮತ್ತೆ ಕೂತು, "ಆಗ್ಲಿ ಕಣವ್ವ" ಅಂದೆ. ಅವಳು ನನಗೆ ಎದುರಾಡಿದ್ದು ಅವತ್ತೇ ಮೊದಲು. ಇವತ್ತಿನವರೆಗೂ ನಿಲ್ಲಿಸಿಲ್ಲ ಬುಡಿ.