ಹುಲಿ ಹೊಡೆದ ವಂಶ

ಜನಗಣತಿ ಬರೆಯಲು ಬೈಂದೂರಿಗೆ ಹೋದಾಗ ನನ್ನಷ್ಟು ಚಂದದ ಅಕ್ಷರ, ನನ್ನಷ್ಟು ದಪ್ಪ ಮೀಸೆ ನಮ್ಮೂರು ಮರವಂತೆಯಲ್ಲೇ ಇನ್ನೊಬ್ಬನಿಗಿರಲಿಲ್ಲ. ಬೈಂದೂರಲ್ಲಿ ಹುಲಿ ಹೊಡೆದ ವಂಶ ನಮ್ಮದು, ಸುಳ್ಳಾದರೆ ಮೀಸೆ ಬೋಳಿಸುತ್ತೇನೆ ಎಂದು ಜೊತೆಗಿದ್ದ ಮಂಜನೊಡನೆ ಪಂಥ ಕಟ್ಟಿದೆ. ಅಲ್ಲಿನ ಶಾನುಭೋಗರು ಹಳೆಯ ಕಡತ ಬಿಚ್ಚಿದರು.

“ಹುಲಿ ಹೊಡೆದದ್ದು ನಿನ್ನ ಅಪ್ಪಯ್ಯನ ಸೋದರಮಾವ, ಹೌದು. ಆರೆ ನಿಮ್ದ್ ಅಳಿಯಸಂತಾನ ಅಲ್ದಾ ಮಾರಾಯ? ನಿನ್ನ ವಂಶ ಅಮ್ಮನ ಬದಿದ್.”

“ಆ ಬದಿಯವರ ಹೆಸ್ರ್ ಇಲ್ಯಾ?” ಎಂದೆ.

“ಇತ್ತಲೆ! ನಿನ್ನ ಅಜ್ಜಿಯ ಅಣ್ಣ. ಹಲಸಿನ ಮರ ಹತ್ತಿ ಕೂತು ನೋಡಿದ ಸಾಕ್ಷಿ.”

“ಹ್ವಾಯ್, ಕ್ಷೌರದವ್ರನ್ ಕರೂದಾ?” ಎಂದ ಮಂಜ.

ಮೀಸೆ ಹೋಯಿತು. ಹೋಗಲಿ ಬಿಡಿ, ನಮ್ಮವರು ಮರ ಹತ್ತಿ ಬದುಕಿ ಉಳಿಯದಿದ್ದರೆ ಆ ಹುಲಿ ಸತ್ತದ್ದಕ್ಕೆ ಸಾಕ್ಷಿ ಹೇಳುವವರು ಯಾರಿದ್ದರು?